ವಹಮ್, ಗೀಳು, ಹಟ: ಮೂರು ಹೆಸರುಗಳ ನಡುವೆ ಸಿಕ್ಕ ಮಕ್ಕಳು

ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ 'ವಹಮ್' ಎಂಬ ಮಾತು ಎಲ್ಲರ ಬಾಯಲ್ಲಿದೆ. ವುಝೂ ಮುಗಿಸಿದವನು ಮೊಣಕೈ ನೆನೆಯಿತೋ ಇಲ್ಲವೋ ಎಂದು ಮತ್ತೆ ನಲ್ಲಿಯ ಬಳಿ ಹೋದರೆ, ಬೀಗ ಹಾಕಿ ಹೊರಟವನು ಬೀದಿಯ ತುದಿಯಿಂದ ಮರಳಿ ಬಂದು ಅದನ್ನು ಜಗ್ಗಿ ನೋಡಿದರೆ, ಹಿರಿಯರು 'ಇವನಿಗೆ ವಹಮ್' ಎಂದು ನಕ್ಕು ಸುಮ್ಮನಾಗುತ್ತಾರೆ. ಸ್ವಲ್ಪ ಓದಿಕೊಂಡವರು 'ವಸ್ವಸಾ' ಎನ್ನುತ್ತಾರೆ. ಇದೇ ಸ್ಥಿತಿ ಬಲಿತು ದಿನದ ಗಂಟೆಗಳನ್ನು ನುಂಗತೊಡಗಿದಾಗ ಕನ್ನಡದ ಮನೋವೈದ್ಯರು ಅದನ್ನು 'ಗೀಳು ರೋಗ' ಎಂದು ಕರೆದರು. ಆಸ್ಪತ್ರೆಯ ಚೀಟಿಯಲ್ಲಿ ಅದು ಓಸಿಡಿ. ಬೇಡವೆಂದರೂ ನುಗ್ಗಿ ಬರುವ ಯೋಚನೆ, ಅದು ಹುಟ್ಟಿಸುವ ಭಯ, ಆ ಭಯವನ್ನು ತಣಿಸಲು ಮತ್ತೆ ಮತ್ತೆ ಮಾಡಲೇಬೇಕೆನಿಸುವ ಕ್ರಿಯೆ. ಈ ಮೂರೂ ಸೇರಿ ಒಂದು ಗಾಣದಂತೆ ತಿರುಗುವುದೇ ಅದರ ಸ್ವರೂಪ.

ನಮ್ಮಲ್ಲಿ ಇನ್ನೊಂದು ಮಾತೂ ಇದೆ: ಹಟ. ಊಟಕ್ಕೆ ಅದೇ ತಟ್ಟೆ ಬೇಕು, ಶಾಲೆಗೆ ಅದೇ ದಾರಿಯಲ್ಲಿ ಹೋಗಬೇಕು, ತಿರುಗುವ ಫ್ಯಾನನ್ನು ಗಂಟೆಗಟ್ಟಲೆ ನೋಡಬೇಕು ಎನ್ನುವ ಮಗುವನ್ನು ನಾವು ಹಟಮಾರಿ ಎನ್ನುತ್ತೇವೆ. ಅಂಥ ಮಕ್ಕಳಲ್ಲಿ ಕೆಲವರಿಗೆ ಆಟಿಸಂ ಇರುತ್ತದೆ. ಸ್ವಲೀನತೆ ಎಂಬ ಪದವೂ ಕನ್ನಡದಲ್ಲಿ ಬಳಕೆಗೆ ಬಂದಿದೆ. ಅದು ಹುಟ್ಟಿನಿಂದ ಬಂದ ಮನಸ್ಸಿನ ಒಂದು ಕಟ್ಟಡ. ಬಂದು ಹೋಗುವ ಕಾಯಿಲೆಯಲ್ಲ.

ಈಗ ಹದಿನೈದು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ಅವನಿಗೆ ಆಟಿಸಂ ಇದೆ ಎಂಬುದು ಮನೆಯವರಿಗೆ ಮೊದಲೇ ಗೊತ್ತು. ಅವನು ರೈಲುಗಳ ವೇಳಾಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆ, ಅದನ್ನೇ ಹೇಳಿ ಹೇಳಿ ಸಂತೋಷಪಡುತ್ತಾನೆ. ಆದರೆ ಕಳೆದ ವರ್ಷದಿಂದ ಕೈ ತೊಳೆಯುವುದು ಶುರುವಾಗಿದೆ. ಚರ್ಮ ಬಿರಿದಿದೆ. ತೊಳೆಯುವಾಗ ಅವನ ಮುಖದಲ್ಲಿ ರೈಲಿನ ಮಾತಾಡುವಾಗಿನ ಬೆಳಕಿಲ್ಲ. ಇವೆರಡೂ ಒಂದೇ ಎಂದು ಯಾರಾದರೂ ಹೇಳಿಬಿಟ್ಟರೆ ಅವನಿಗೆ ಸಿಗಬೇಕಾದ ಚಿಕಿತ್ಸೆ ಸಿಗುವುದಿಲ್ಲ. ಎರಡನ್ನೂ ರೋಗವೆಂದು ಬಗೆದು ಬಡಿದು ಬಿಡಿಸಹೊರಟರೆ ಅವನ ಬದುಕಿನ ಒಂದೇ ನೆಮ್ಮದಿಯೂ ಹೋಗುತ್ತದೆ. ಈ ಎರಡು ಪುನರಾವರ್ತನೆಗಳ ನಡುವಿನ ಭೇದವನ್ನು ವೈದ್ಯಲೋಕ ಗುರುತಿಸಲು ಎಷ್ಟು ಕಾಲ ತೆಗೆದುಕೊಂಡಿತು, ಆ ನಡುವೆ ಏನೆಲ್ಲ ನಡೆಯಿತು ಎಂಬುದೇ ಈ ಲೇಖನದ ವಸ್ತು.

ಮಾತಿನಿಂದ ವಸ್ವಾಸಿಗೆ ಮದ್ದು ಮಾಡಬಹುದೆಂಬ ಯೋಚನೆ ಬಹಳ ಹಳೆಯದು. ಇಂದಿನ ಉತ್ತರ ಅಫ್ಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದಲ್ಲಿ ಒಂಬತ್ತನೆಯ ಶತಮಾನದ ನಡುವೆ ಹುಟ್ಟಿ 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖೀ ಭೂಗೋಳ ಶಾಸ್ತ್ರಜ್ಞನೆಂದು ಪ್ರಸಿದ್ಧ. ದೇಹ ಮತ್ತು ಮನಸ್ಸುಗಳ ಒಳಿತನ್ನು ಕುರಿತು ಅವರು ಅರಬಿಯಲ್ಲಿ ಬರೆದ ಗ್ರಂಥ 'ಮಸಾಲಿಹ್ ಅಲ್-ಅಬ್ದಾನ್ ವ ಅಲ್-ಅನ್‌ಫುಸ್'. ಅದರ ಎರಡನೆಯ ಭಾಗ ಪೂರ್ತಿ ಮನಸ್ಸಿಗೆ ಮೀಸಲು. ಕೋಪ, ಭಯ, ದುಃಖಗಳ ಜೊತೆಗೆ ವಸ್ವಾಸಿಗೂ ಅಲ್ಲಿ ಬೇರೆಯದೇ ಅಧ್ಯಾಯವಿದೆ. ಬೇಡದ ಯೋಚನೆ ಮನುಷ್ಯನನ್ನು ಹೇಗೆ ಹಿಡಿದಿಟ್ಟು ಕೆಲಸಕ್ಕೆ ಬಾರದವನನ್ನಾಗಿ ಮಾಡುತ್ತದೆಂದು ಬಲ್ಖೀ ವಿವರಿಸುತ್ತಾರೆ. ಒಂಟಿತನ ತಪ್ಪಿಸುವುದು, ಕೆಲಸದಲ್ಲಿ ತೊಡಗುವುದು, ಆ ಯೋಚನೆಗೆ ಬುದ್ಧಿಯಿಂದಲೇ ಎದುರು ವಾದ ಹೂಡುವುದು ಅವರು ಹೇಳುವ ಉಪಾಯಗಳು. ಸುಡಾನಿನ ಮನಶ್ಶಾಸ್ತ್ರಜ್ಞ ಮಾಲಿಕ್ ಬದ್ರಿ 2013ರಲ್ಲಿ ಈ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದರು. 2015ರಲ್ಲಿ ರಾನಿಯಾ ಅವಾದ್ ಮತ್ತು ಸಾರಾ ಅಲಿ ಬಲ್ಖೀಯ ವಿವರಣೆಯನ್ನು ಇಂದಿನ ರೋಗಲಕ್ಷಣಗಳ ಪಟ್ಟಿಯೊಂದಿಗೆ ಹೋಲಿಸಿ, ಎರಡೂ ಎಷ್ಟು ಹತ್ತಿರವಿವೆಯೆಂದು ತೋರಿಸಿದರು.

ಹಿಂದಿನವರೆಲ್ಲ ಬಲ್ಖೀಯಷ್ಟು ಸಹನೆ ತೋರಿಸಲಿಲ್ಲ. ಬಾಗ್ದಾದಿನ ವಿದ್ವಾಂಸ ಇಬ್ನ್ ಅಕೀಲ್ ಅವರ ಬಗ್ಗೆ ಒಂದು ಪ್ರಸಂಗವಿದೆ. ನೀರಿನಲ್ಲಿ ಎಷ್ಟು ಸಲ ಮುಳುಗಿದರೂ ಶುದ್ಧನಾದೆನೋ ಇಲ್ಲವೋ ಎಂಬ ಸಂಶಯ ಹೋಗುತ್ತಿಲ್ಲ ಎಂದು ಒಬ್ಬ ಅವರ ಬಳಿ ಬಂದನಂತೆ. ನೀನು ಹುಚ್ಚನ ಲೆಕ್ಕ, ನಿನಗೆ ನಮಾಝ್ ಕಡ್ಡಾಯವೇ ಅಲ್ಲ ಎಂಬರ್ಥದ ಉತ್ತರ ಸಿಕ್ಕಿತಂತೆ. ಕೇಳಿದವರಿಗೆ ನಗು ಬರುತ್ತದೆ. ಆ ಮನುಷ್ಯನಿಗೆ ನೆಮ್ಮದಿ ಬಂದಿರಲಿಕ್ಕಿಲ್ಲ. ಆದರೆ ಅದೇ ಫಿಕ್ಹ್ ಪರಂಪರೆಯಲ್ಲಿ, ಖಚಿತವಾದುದನ್ನು ಸಂಶಯ ಅಳಿಸಲಾರದು ಎಂಬ ಮೂಲಸೂತ್ರವೂ ಬೆಳೆಯಿತು. ಒಮ್ಮೆ ತೊಳೆದಾಗಿದ್ದರೆ ಆಮೇಲೆ ಬರುವ ಸಂಶಯಕ್ಕೆ ಕಿವಿಗೊಡಬೇಡ ಎಂಬುದು ಅದರ ತಾತ್ಪರ್ಯ. ಡಮಾಸ್ಕಸ್ಸಿನಲ್ಲಿದ್ದ ಇಬ್ನ್ ಕುದಾಮಾ ವಸ್ವಾಸಿನ ಅತಿರೇಕಗಳನ್ನು ಖಂಡಿಸಲೆಂದೇ ಒಂದು ಕಿರುಗ್ರಂಥ ಬರೆದರು. ಸಂಶಯವನ್ನು ಪೂರ್ತಿ ತೀರಿಸಿಕೊಳ್ಳಲು ಹೋಗಬಾರದು, ಅದನ್ನು ಇದ್ದಲ್ಲೇ ಬಿಟ್ಟು ಮುಂದೆ ನಡೆಯಬೇಕು ಎಂಬ ಈ ತಿಳಿವು ಮುಂದೆ ಲಂಡನ್ನಿನ ಆಸ್ಪತ್ರೆಗಳಲ್ಲಿ ಬೇರೆ ದಾರಿಯಿಂದ ಮತ್ತೆ ಸಿಗಲಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪು ಗೀಳನ್ನು ಮಾತಿನಿಂದ ಬಿಡಿಸಹೊರಟಿತು. ಫ್ರಾನ್ಸಿನ ಪಿಯರ್ ಜಾನೆ 1903ರಲ್ಲಿ ಈ ರೋಗಿಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. 1909ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಇಲಿಗಳ ಭಯಾನಕ ಕಲ್ಪನೆಯಿಂದ ನರಳುತ್ತಿದ್ದ ತರುಣನೊಬ್ಬನ ಕಥೆ ಬರೆದರು. ಗೀಳಿನ ಬೇರು ಬಾಲ್ಯದ ಅದುಮಿಟ್ಟ ಆಸೆಗಳಲ್ಲಿದೆ ಎಂಬ ನಂಬಿಕೆ ಹಲವು ದಶಕ ಆಳಿತು. ಅರ್ಥ ಬಿಡಿಸುವುದು ನಡೆಯಿತು, ಕೈ ತೊಳೆಯುವುದು ಮಾತ್ರ ನಿಲ್ಲಲಿಲ್ಲ. 1960ರ ದಶಕದವರೆಗೂ ಓಸಿಡಿ ವಾಸಿಯಾಗದ ರೋಗವೆಂದೇ ಬಹುಪಾಲು ವೈದ್ಯರು ಕೈಚೆಲ್ಲಿದ್ದರು.

ಈ ನಡುವೆ ಆಟಿಸಂ ಎಂಬ ಹೆಸರು ಹುಟ್ಟಿತು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಎಲ್ಲವೂ ಇದ್ದಹಾಗೇ ಇರಬೇಕೆಂಬ ಆ ಮಕ್ಕಳ ತವಕವನ್ನು ವರ್ಣಿಸುವಾಗ ಅವರು 'ಗೀಳು' ಎಂಬರ್ಥದ ಇಂಗ್ಲಿಷ್ ಪದವನ್ನೇ ಬಳಸಿದರು. ಒಂದು ಪದ ಎರಡು ಮನೆಗಳಲ್ಲಿ ವಾಸ ಮಾಡತೊಡಗಿದ್ದು ಹೀಗೆ. ಮುಂದೆ ಆಟಿಸಂ ಇರುವ ಮಗು ಏನನ್ನು ಮತ್ತೆ ಮತ್ತೆ ಮಾಡಿದರೂ ಅದು ಆಟಿಸಮ್ಮಿನದೇ ಭಾಗ ಎಂದು ಬರೆದಿಡುವುದು ರೂಢಿಯಾಯಿತು.

ಆ ರೂಢಿಗೆ ಮಕ್ಕಳೂ ತಾಯಂದಿರೂ ಬೆಲೆ ತೆತ್ತರು. ಮಗು ಹೀಗಾಗಲು ತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ಆರೋಪವನ್ನು ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಿಂದ ಮನೆಮನೆಗೆ ತಲುಪಿಸಿದರು. ಆ ಆರೋಪ ಸುಳ್ಳೆಂದು ಈಗ ಸಿದ್ಧವಾಗಿದೆ. ಇನ್ನೊಂದು ಕಡೆ ಕ್ಯಾಲಿಫೋರ್ನಿಯದಲ್ಲಿ ಈವಾರ್ ಲೋವಾಸ್ ಅವರು ಆಟಿಸಂ ಮಕ್ಕಳ ವರ್ತನೆ ತಿದ್ದಲು ಬಹುಮಾನದ ಜೊತೆ ಗದರಿಕೆ, ಏಟು, ವಿದ್ಯುತ್ ಆಘಾತಗಳನ್ನೂ ಬಳಸಿದರು. 1965ರಲ್ಲಿ 'ಲೈಫ್' ಪತ್ರಿಕೆ ಅದರ ಚಿತ್ರಗಳನ್ನು ಮೆಚ್ಚುಗೆಯಿಂದಲೇ ಅಚ್ಚು ಹಾಕಿತು. ಮಗು ಕೈ ಬೀಸುವುದನ್ನು, ತೂಗಾಡುವುದನ್ನು ನಿಲ್ಲಿಸಿದರೆ ಗೆದ್ದಂತೆ ಎಂಬುದು ಆ ಕಾಲದ ಲೆಕ್ಕಾಚಾರ. ಅದನ್ನು ಮಾಡುವಾಗ ಮಗುವಿಗೆ ಒಳಗೆ ಏನನಿಸುತ್ತದೆ ಎಂದು ಕೇಳಿದವರು ಕಡಿಮೆ.

ಅದರ ಮರುವರ್ಷವೇ, 1966ರಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ಬಗ್ಗೆ ಒಂದು ಚಿಕ್ಕ ಲೇಖನ ಬರೆದರು. ಒಬ್ಬರಿಗೆ ಕೊಳೆಯ ಭಯ, ಸದಾ ತೊಳೆಯುವ ಚಾಳಿ. ಇನ್ನೊಬ್ಬರಿಗೆ ದೈವನಿಂದೆಯ ಯೋಚನೆಗಳ ಕಾಟ. ಮೇಯರ್ ಅರ್ಥ ಬಿಡಿಸುತ್ತ ಕೂರಲಿಲ್ಲ. ಭಯ ಹುಟ್ಟಿಸುವ ವಸ್ತುವಿನ ಎದುರು ರೋಗಿಯನ್ನು ತಂದರು. ಭಯ ತಣಿಸುವ ಕ್ರಿಯೆ ನಡೆಯದಂತೆ ನರ್ಸುಗಳು ಕಾವಲಿದ್ದರು. ಇಬ್ಬರೂ ಗಣನೀಯವಾಗಿ ಸುಧಾರಿಸಿದರು. ಮುಂದೆ ಮೇಯರ್ ಮತ್ತು ಸಂಗಡಿಗರು ಹೀಗೆ ನೋಡಿಕೊಂಡ 15 ರೋಗಿಗಳಲ್ಲಿ 10 ಮಂದಿ ಬಹುಮಟ್ಟಿಗೆ ಗುಣ ಕಂಡರು. 'ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್' ಎಂದು ಇಂದು ಕರೆಯುವ ಚಿಕಿತ್ಸೆಯ ಆರಂಭ ಇದೇ. ಭಯವನ್ನು ಎದುರಿಸು, ಆದರೆ ಗೀಳಿನ ಕ್ರಿಯೆಯನ್ನು ಮಾಡದೆ ತಡೆದುಕೋ ಎಂಬುದು ಇದರ ಸಾರ.

ಇದು ಯಾಕೆ ಫಲಿಸುತ್ತದೆ ಎಂಬುದನ್ನು ಲಂಡನ್ನಿನಲ್ಲೇ ಇದ್ದ ಸ್ಟಾನ್ಲಿ ರಾಕ್‌ಮನ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ ನೋಡಿದರು. ಆ ತಂಡದಲ್ಲಿ ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವ ಕೂಡ ಇದ್ದರು. ಮುಟ್ಟಬಾರದ್ದನ್ನು ಮುಟ್ಟಿದ ಮೇಲೆ ತೊಳೆಯದೆ ಸುಮ್ಮನೆ ಕುಳಿತರೆ ತೊಳೆಯಬೇಕೆಂಬ ಒತ್ತಡ ಏರುತ್ತಲೇ ಹೋಗುವುದಿಲ್ಲ, ಹೊತ್ತು ಕಳೆದಂತೆ ತಾನಾಗಿಯೇ ಇಳಿಯುತ್ತದೆ ಎಂದು 1976ರ ಅವರ ಪ್ರಯೋಗ ತೋರಿಸಿತು. ಗೀಳಿನವರನ್ನು ಕಾಡುವಂಥ ಕೆಟ್ಟ ಯೋಚನೆಗಳು ಸಾಮಾನ್ಯ ಜನರಲ್ಲೂ ಬಹುಪಾಲು ಮಂದಿಗೆ ಬರುತ್ತವೆ ಎಂಬುದನ್ನು 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಬರೆದರು. ಯೋಚನೆ ಬಂದದ್ದೇ ಪಾಪವಾಯಿತೆಂದು ನಡುಗುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರಲಾರದು.

ಲೋವಾಸ್ ಮತ್ತು ಮೇಯರ್ ಇಬ್ಬರೂ ಒಂದು ಕ್ರಿಯೆಯನ್ನು ತಡೆದರು. ಹಾಗಾದರೆ ವ್ಯತ್ಯಾಸವೇನು? ಮೇಯರರ ರೋಗಿಗಳು ತಮ್ಮ ಸಂಕಟದಿಂದ ಪಾರಾಗಬೇಕೆಂದು ತಾವೇ ಬಯಸಿದ್ದರು. ಎಷ್ಟೇ ಕಠಿಣವಾದರೂ ಆ ಚಿಕಿತ್ಸೆಯಲ್ಲಿ ಶಿಕ್ಷೆ ಇರಲಿಲ್ಲ. ಕಾಲ ಕಳೆದಂತೆ ಕಾವಲೂ ಹೋಯಿತು. ಸಣ್ಣ ಭಯದಿಂದ ದೊಡ್ಡ ಭಯದವರೆಗೆ ಒಂದು ಏಣಿ ಹಾಕಿಕೊಂಡು, ಎಷ್ಟು ಮೆಟ್ಟಿಲು ಯಾವಾಗ ಹತ್ತಬೇಕೆಂಬುದನ್ನು ರೋಗಿಯೇ ನಿರ್ಧರಿಸುವ ಪದ್ಧತಿ ಬಂತು. ಇದರ ಜೊತೆಗೆ ಯೋಚನೆಯನ್ನು ಪರೀಕ್ಷಿಸುವ ಕ್ರಮವೂ ಸೇರಿ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯ ಚಿಕಿತ್ಸೆ, ರೂಪುಗೊಂಡಿತು.

ಮಕ್ಕಳಿಗೆ ಈ ಬಾಗಿಲು ತೆರೆದದ್ದು ತಡವಾಗಿ. 1989ರಲ್ಲಿ ಅಮೆರಿಕದ ಜೂಡಿತ್ ರಾಪೊಪೋರ್ಟ್ ಬರೆದ ಪುಸ್ತಕವೊಂದು, ಓಸಿಡಿ ಮಕ್ಕಳಲ್ಲೂ ಇದೆ ಎಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಸಿತು. 1998ರಲ್ಲಿ ಜಾನ್ ಮಾರ್ಚ್ ಮತ್ತು ಕರೆನ್ ಮುಲ್ ಮಕ್ಕಳಿಗೆಂದೇ ಚಿಕಿತ್ಸೆಯ ಕೈಪಿಡಿ ಹೊರತಂದರು. ಗೀಳಿಗೆ ಮಗು ಒಂದು ಅಡ್ಡಹೆಸರಿಡುತ್ತದೆ. ಅದು ತಾನಲ್ಲ, ತನ್ನನ್ನು ಪೀಡಿಸುವ ಬೇರೊಂದು ಎಂದು ತಿಳಿದು ಹಿಮ್ಮೆಟ್ಟಿಸುತ್ತದೆ. 2004ರಲ್ಲಿ 7ರಿಂದ 17 ವರ್ಷದ 112 ಮಕ್ಕಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಸಿಬಿಟಿ ಮತ್ತು ಸರ್ಟ್ರಲೀನ್ ಮಾತ್ರೆ ಎರಡನ್ನೂ ಪಡೆದವರಲ್ಲಿ ಸುಮಾರು 54%, ಸಿಬಿಟಿ ಮಾತ್ರ ಪಡೆದವರಲ್ಲಿ 39%, ಮಾತ್ರೆ ಮಾತ್ರ ಪಡೆದವರಲ್ಲಿ 21% ಮಕ್ಕಳು ರೋಗದಿಂದ ಹೊರಬಂದರು. ಹುಸಿಮಾತ್ರೆಯ ಗುಂಪಿನಲ್ಲಿ ಆ ಪ್ರಮಾಣ 4% ಕೂಡ ಮುಟ್ಟಲಿಲ್ಲ.

ಸಂತೋಷದ ಸುದ್ದಿಯೇ. ಆದರೆ ಆ ಪರೀಕ್ಷೆಗೆ ಆಟಿಸಂ ವರ್ಗದ ಮಕ್ಕಳನ್ನು ಸೇರಿಸಿಕೊಂಡಿರಲಿಲ್ಲ. ಸಂಶೋಧಕರಿಗೆ ಅದು ಲೆಕ್ಕ ಶುದ್ಧವಾಗಿರಲೆಂಬ ನಿಯಮ. ಹೊರಗುಳಿದ ಮಕ್ಕಳ ಮನೆಯವರಿಗೆ ಮಾತ್ರ 'ಇದು ನಿಮ್ಮವರಿಗಲ್ಲ' ಎಂದು ಹೇಳಿದಂತಾಯಿತು. ಆಟಿಸಂ ಇರುವವರಿಗೆ ಮಾತಿನ ಚಿಕಿತ್ಸೆ ಹತ್ತುವುದಿಲ್ಲ, ತಮ್ಮ ಮನಸ್ಸನ್ನು ತಾವು ನೋಡಿಕೊಳ್ಳುವ ಶಕ್ತಿ ಅವರಿಗಿಲ್ಲ ಎಂಬ ಪೂರ್ವಗ್ರಹ ಬೇರೆ ಇತ್ತು. ಬಾಗಿಲು ಎರಡು ಕಡೆಯಿಂದಲೂ ಮುಚ್ಚಿತ್ತು.

ಅದನ್ನು ತೆರೆಯಲು ಮೊದಲು ಬೇಕಾಗಿದ್ದುದು ವಿವೇಚನೆ. 1995ರಲ್ಲಿ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ಆಟಿಸಂ ಇರುವ 50 ವಯಸ್ಕರನ್ನು ಓಸಿಡಿ ಇರುವ 50 ವಯಸ್ಕರೊಂದಿಗೆ ಹೋಲಿಸಿದರು. ಮೊದಲ ಗುಂಪಿನಲ್ಲಿ ಜೋಡಿಸಿಡುವುದು, ಕೂಡಿಡುವುದು, ಮುಟ್ಟುವುದು, ಕೇಳಿದ್ದನ್ನೇ ಕೇಳುವುದು ಹೆಚ್ಚು. ತೊಳೆಯುವುದು, ಪರೀಕ್ಷಿಸಿ ನೋಡುವುದು, ಎಣಿಸುವುದು ಕಡಿಮೆ. ಆದರೆ 2005ರಲ್ಲಿ ಲಂಡನ್ನಿನ ಏಲ್ಸಾ ರಸೆಲ್ ಮತ್ತು ಸಂಗಡಿಗರು ಆಟಿಸಂ ವರ್ಗದ ವಯಸ್ಕರನ್ನೇ ಕೂರಿಸಿ ವಿಚಾರಿಸಿದಾಗ, ಅವರಲ್ಲಿ ಕೆಲವರಿಗೆ ನಿಜವಾದ ಗೀಳೂ ಇದೆ, ಅದರಿಂದ ಅವರು ನರಳುತ್ತಿದ್ದಾರೆ ಎಂಬುದು ಕಂಡಿತು. ಇನ್ನೊಂದು ಸಾಕ್ಷಿ ಔಷಧದ ಕಡೆಯಿಂದ ಬಂತು. ಓಸಿಡಿಗೆ ಕೊಡುವ ವರ್ಗದ ಮಾತ್ರೆಯಾದ ಸಿಟಲೋಪ್ರಾಮನ್ನು ಆಟಿಸಂ ವರ್ಗದ 149 ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಪುನರಾವರ್ತನೆಯ ವರ್ತನೆಯಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಹೊರಗಿನಿಂದ ಒಂದೇ ಥರ ಕಂಡದ್ದು ಒಳಗೆ ಒಂದೇ ಅಲ್ಲ ಎಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು.

ಭೇದವನ್ನು ಹೇಗೆ ಗುರುತಿಸುವುದು? ರೈಲಿನ ವೇಳಾಪಟ್ಟಿ ಹೇಳುವ ಹುಡುಗನನ್ನು ತಡೆದರೆ ಅವನು ಸಿಟ್ಟಾಗುತ್ತಾನೆ, ಬಿಟ್ಟರೆ ಆನಂದಪಡುತ್ತಾನೆ. ಕೈ ತೊಳೆಯುವ ಅದೇ ಹುಡುಗನಿಗೆ ತೊಳೆಯುವುದರಲ್ಲಿ ಆನಂದವಿಲ್ಲ. ತೊಳೆಯದಿದ್ದರೆ ಅಮ್ಮಿ ಸತ್ತುಹೋಗುತ್ತಾಳೆಂಬ ಭಯವಿದೆ. ಇದು ಗೆರೆ ಎಳೆದಷ್ಟು ಸುಲಭವಲ್ಲ. ದಿನಚರಿ ತಪ್ಪಿದರೂ ಆಟಿಸಂ ಮಕ್ಕಳಿಗೆ ಆತಂಕವಾಗುತ್ತದೆ. ತಮಗೆ ಆಗುತ್ತಿರುವುದು ಭಯವೋ, ಹಸಿವೋ, ಸದ್ದಿನ ಕಿರಿಕಿರಿಯೋ ಎಂದು ಹೆಸರಿಸಲು ಅನೇಕರಿಗೆ ಕಷ್ಟ. ಅದಕ್ಕೇ ತಿಳಿದ ಚಿಕಿತ್ಸಕರು ಏಣಿ ಹಾಕುವ ಮೊದಲು ಕೆಲವು ವಾರ ಭಾವನೆಗಳ ಹೆಸರು ಕಲಿಸುವುದರಲ್ಲೇ ಕಳೆಯುತ್ತಾರೆ.

2008ರಲ್ಲಿ ಅಮೆರಿಕದಿಂದ ಆಟಿಸಂ ಮತ್ತು ಓಸಿಡಿ ಎರಡೂ ಇದ್ದ 12 ವರ್ಷದ ಬಾಲಕನೊಬ್ಬನ ಚಿಕಿತ್ಸೆಯ ವರದಿ ಬಂತು. ಪದ್ಧತಿಯನ್ನು ಅವನಿಗೆ ತಕ್ಕಂತೆ ಬದಲಿಸಿದ್ದರಿಂದ ಅವನ ಗೀಳು ಬಹಳ ಇಳಿಯಿತು. 2013ರಲ್ಲಿ ರಸೆಲ್ ತಂಡ 14 ವರ್ಷ ಮೇಲ್ಪಟ್ಟ 46 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾರ್ಪಡಿಸಿದ ಸಿಬಿಟಿ, ಇನ್ನೊಂದಕ್ಕೆ ಆತಂಕ ನಿರ್ವಹಣೆಯ ತರಬೇತಿ ಕೊಟ್ಟಿತು. ಎರಡೂ ಗುಂಪು ಸುಧಾರಿಸಿದವು. ಸ್ಪಷ್ಟವಾಗಿ ಗುಣ ಕಂಡವರು ಮೊದಲನೆಯದರಲ್ಲಿ 45%, ಎರಡನೆಯದರಲ್ಲಿ 20%. ಆದರೂ ಗುಂಪುಗಳ ಒಟ್ಟು ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ದೃಢಪಡಲಿಲ್ಲ. 2015ರಲ್ಲಿ ಆಟಿಸಂ ಇರುವ 22 ಮತ್ತು ಇಲ್ಲದ 22 ಎಳೆಯರನ್ನು ಹೋಲಿಸಿದ ಲಂಡನ್ನಿನ ಅಧ್ಯಯನ, ಸಿಬಿಟಿಯಿಂದ ಇಬ್ಬರಿಗೂ ಉಪಕಾರವಾಗುತ್ತದೆ, ಆದರೆ ಆಟಿಸಂ ಇರುವವರಿಗೆ ಕಡಿಮೆ ಎಂದು ಹೇಳಿತು. ಹದಿಹರೆಯದವರಿಗೆಂದೇ ಮಾರ್ಪಡಿಸಿದ ಕೈಪಿಡಿಯನ್ನು ಅಮಿತಾ ಜಸ್ಸಿ ಮತ್ತು ಸಂಗಡಿಗರು 34 ಮಂದಿಯಲ್ಲಿ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ಸುಮಾರು ಅರ್ಧದಷ್ಟು ಮಂದಿ ಗುಣ ಕಂಡಿದ್ದರು.

ಅರ್ಧ ಎಂಬುದು ಪವಾಡವಲ್ಲ. ಆದರೆ ಚಿಕಿತ್ಸೆಯೇ ಹತ್ತುವುದಿಲ್ಲ ಎಂದು ಹೊರಗಿಟ್ಟವರಲ್ಲಿ ಅರ್ಧ ಮಂದಿ ಎಂದಾಗ ಅದರ ತೂಕ ಬೇರೆ.

ಮಾರ್ಪಾಡು ಎಂದರೇನೆಂದು ನೋಡಿದರೆ ಆಶ್ಚರ್ಯವಾಗುವಷ್ಟು ಸರಳ. ಭೇಟಿಗಳ ಸಂಖ್ಯೆ ಹೆಚ್ಚಿಸುವುದು. ಅವತ್ತು ಏನೇನು ನಡೆಯುತ್ತದೆಂದು ಮೊದಲೇ ಬರೆದು ತೋರಿಸುವುದು. ಭಯ ಎಷ್ಟಿದೆ ಎಂದು ಹೇಳಲು ಜ್ವರದ ಥರ್ಮಾಮೀಟರಿನ ಚಿತ್ರ ಕೊಡುವುದು. ಉಪಮೆ, ವ್ಯಂಗ್ಯ ಬಿಟ್ಟು ನೇರವಾಗಿ ಮಾತಾಡುವುದು. 'ಗೀಳಿನ ರಾಕ್ಷಸನನ್ನು ಓಡಿಸು' ಎಂದರೆ ಅಕ್ಷರಶಃ ರಾಕ್ಷಸನಿದ್ದಾನೆಂದು ಹೆದರುವ ಮಗುವೂ ಇರಬಹುದು. ಹುಡುಗನಿಗೆ ರೈಲು ಇಷ್ಟವಾದರೆ ಏಣಿಯ ಮೆಟ್ಟಿಲುಗಳ ಬದಲು ನಿಲ್ದಾಣಗಳು. ಮೊದಲ ನಿಲ್ದಾಣದಲ್ಲಿ ಬಾಗಿಲ ಚಿಲಕ ಮುಟ್ಟಿ ಐದು ನಿಮಿಷ ತೊಳೆಯದೆ ಇರುವುದು, ಮುಂದಿನದರಲ್ಲಿ ಹತ್ತು ನಿಮಿಷ. ಯಾವಾಗ ಹೊರಡಬೇಕೆಂದು ಅವನೇ ಹಸಿರು ನಿಶಾನೆ ತೋರಬೇಕು. ಅವನ ರೈಲಿನ ಹುಚ್ಚನ್ನು ಚಿಕಿತ್ಸೆ ಬಿಡಿಸುವುದಿಲ್ಲ, ಅದನ್ನೇ ಹತ್ತಿ ಸಾಗುತ್ತದೆ. 1965ರಿಂದ ಇಲ್ಲಿಗೆ ಬಂದ ದಾರಿ ದೊಡ್ಡದು.

ಮನೆಯವರ ಪಾತ್ರವೂ ಇದೆ. 'ಅಮ್ಮೀ, ಕೈ ಪಾಕ್ ಆಯ್ತಾ?' ಎಂದು ಮಗ ಇಪ್ಪತ್ತು ಸಲ ಕೇಳಿದರೆ ತಾಯಿ ಇಪ್ಪತ್ತು ಸಲವೂ 'ಆಯ್ತು ಬೇಟಾ' ಎನ್ನುತ್ತಾಳೆ. ಅದು ಪ್ರೀತಿಯೇ. ಆದರೆ ಪ್ರತಿ ಉತ್ತರವೂ ಗೀಳಿಗೆ ಒಂದು ತುತ್ತು. ಆ ಉತ್ತರವನ್ನು ಒಮ್ಮೆಲೇ ನಿಲ್ಲಿಸದೆ, ಮಗನೊಂದಿಗೆ ಮೊದಲೇ ಮಾತಾಡಿಕೊಂಡು, ಚಿಕಿತ್ಸಕರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ಕಡಿಮೆ ಮಾಡುವುದು ಇಂದಿನ ಪದ್ಧತಿಯ ಮುಖ್ಯ ಭಾಗ. ಗದರುವುದೂ ಬೇಡ, ಸಮಾಧಾನ ಹೇಳುತ್ತಲೇ ಇರುವುದೂ ಬೇಡ.

ಈ ಚರಿತ್ರೆಯ ಬಹುಭಾಗ ಲಂಡನ್, ಅಮೆರಿಕಗಳಲ್ಲಿ ನಡೆದದ್ದು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಓಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ನಡೆಸುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಮತ್ತು ಮಾನಸಿಕ ಕಾಯಿಲೆ ಎರಡನ್ನೂ ಹೆಸರಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಇವೆಲ್ಲ ಇದ್ದರೂ ಈ ಎರಡೂ ಸ್ಥಿತಿಗಳನ್ನು ಒಟ್ಟಿಗೆ ಬಲ್ಲ ಚಿಕಿತ್ಸಕರು ದೊಡ್ಡ ನಗರಗಳಾಚೆ ಸಿಗುವುದು ಕಷ್ಟ. ಇಂಗ್ಲಿಷಿನ ಕೈಪಿಡಿಗಳಲ್ಲಿರುವ ಚಿತ್ರ, ಮಾತು, ಉದಾಹರಣೆಗಳು ಕನ್ನಡಕ್ಕೆ, ದಖನಿಗೆ, ಬ್ಯಾರಿಗೆ, ತುಳುವಿಗೆ ಬರಬೇಕಾದ ಕೆಲಸ ದೊಡ್ಡದಿದೆ. ನೇರ ಮಾತು ಬೇಕೆನ್ನುವ ಮಗುವಿಗೆ ಪರಭಾಷೆಯ ಮಾತು ಹೇಗೆ ಮುಟ್ಟೀತು?

ನಮ್ಮ ಉಲೆಮಾಗಳಿಗೂ ಇಲ್ಲೊಂದು ಹೊಣೆಯಿದೆ. ಮಗನಿಗೆ ಗಾಳಿ ಸೋಕಿದೆಯೆಂದು ತಾಯ್ತ ಕೇಳಿಕೊಂಡು ಬರುವ ತಂದೆಗೆ ದುಆ ಮಾಡಿ ಕಳಿಸುವಾಗ, ಮನೋವೈದ್ಯರನ್ನು ಕಾಣಿ ಎಂಬ ಒಂದು ಮಾತನ್ನೂ ಸೇರಿಸಿದರೆ ಎಷ್ಟೋ ವರ್ಷ ಉಳಿಯುತ್ತದೆ. ವುಝೂವಿನ ವಸ್ವಾಸಿನಲ್ಲಿ ಸಿಕ್ಕ ಹುಡುಗನಿಗೆ, ಒಮ್ಮೆ ತೊಳೆದರೆ ಸಾಕು, ಸಂಶಯಕ್ಕೆ ಬೆಲೆಯಿಲ್ಲ ಎಂಬ ಫಿಕ್ಹಿನ ನಿಯಮವನ್ನು ಚಿಕಿತ್ಸೆಯ ಆರಂಭದಲ್ಲಿ ಒಮ್ಮೆ ಖಚಿತವಾಗಿ ತಿಳಿಸಿದರೆ ಅದು ಚಿಕಿತ್ಸಕರ ಕೈಗೆ ಬಲ ಕೊಡುತ್ತದೆ. ಮಡಿಯ ಹೆಸರಿನಲ್ಲಿ ಇದೇ ಸಂಕಟ ಅನುಭವಿಸುವ ಮನೆಗಳು ನಮ್ಮ ಅಕ್ಕಪಕ್ಕದಲ್ಲೇ ಇವೆ. ಅಲ್ಲಿನ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ವಹಮ್ ಎಂದು ನಗುವುದು, ಹಟವೆಂದು ಹೊಡೆಯುವುದು, ಆಟಿಸಂ ಎಂದು ಕೈಬಿಡುವುದು ಮೂರೂ ಆ ಹದಿನೈದರ ಹುಡುಗನನ್ನು ಅವನ ಭಯದೊಂದಿಗೆ ಒಂಟಿಯಾಗಿ ಬಿಡುತ್ತವೆ. ಅವನು ಮಾಡಿದ್ದನ್ನೇ ಮಾಡುತ್ತಿರುವುದನ್ನು ಕಂಡಾಗ ತಂದೆತಾಯಿ, ಮೇಷ್ಟ್ರು, ವೈದ್ಯರು ಮೊದಲು ಕೇಳಬೇಕಾದದ್ದು, ಇದರಿಂದ ಅವನಿಗೆ ಆಗುತ್ತಿರುವುದು ಖುಷಿಯೋ ಹೆದರಿಕೆಯೋ ಎಂದು. ಬಾಯಿಮಾತಿನಲ್ಲಿ ಹೇಳಲಾಗದಿದ್ದರೆ ಅವನು ಚಿತ್ರದಲ್ಲಿ ತೋರಿಸಲಿ. ಖುಷಿ ಎಂದರೆ ಅದು ಅವನದು, ನಾವು ಕೈಹಾಕುವುದು ಬೇಡ. ಹೆದರಿಕೆ ಎಂದರೆ ಅದಕ್ಕೆ ಚಿಕಿತ್ಸೆಯಿದೆ. ಅದು ಅವನಿಗೂ ಸಲ್ಲಬೇಕು.